ಸಾಲ ತೀರಿಸಿದ ಗೂಢಚಾರ

ಸಾಲ ಹೊನ್ನಿನ ಶೂಲ ಅಂತಾರೆ ನಮ್ಮಲ್ಲಿ. ಅಮೆರಿಕದಲ್ಲಿ ಸರ್ಕಾರದ ಗುಟ್ಟಿನ ಕಡತ ಮುಟ್ಟುವ ಕೆಲಸಕ್ಕೆ ಸೇರೋರಿಗೆ ಈ ಶೂಲ ಇನ್ನೊಂದು ಕಡೆಯಿಂದಲೂ ಚುಚ್ಚುತ್ತೆ. ಆ ಕೆಲಸಕ್ಕೆ 'ಸೆಕ್ಯುರಿಟಿ ಕ್ಲಿಯರೆನ್ಸ್' ಬೇಕು. ಅದಕ್ಕಾಗಿ ತುಂಬುವ ಎಸ್‌ಎಫ್-86 ಅರ್ಜಿ, ಏಳು ವರ್ಷಗಳಲ್ಲಿ ದಿವಾಳಿ ಆಗಿದ್ದೀರಾ, ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಬಿದ್ದಿತ್ತಾ ಅಂತೆಲ್ಲ ಕೇಳುತ್ತೆ. ಯಾರದೋ ಕಾರಿನ ಸಾಲ ಕಟ್ಟಿಕೊಂಡು ಸರ್ಕಾರಕ್ಕೇನಾಗಬೇಕು? ಉತ್ತರ ಎರಡು ಹಳೇ ಕತೆಗಳಲ್ಲಿದೆ.

ಮೊದಲನೆಯದು ರೊನಾಲ್ಡ್ ಪೆಲ್ಟನ್‌ನದು. ಎನ್‌ಎಸ್‌ಎ ಎಂಬ ಕದ್ದಾಲಿಕೆ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ದುಡಿದವನು. 1979ರಲ್ಲಿ ದಿವಾಳಿಯಾದ, ಅದೇ ವರ್ಷ ಕೆಲಸವನ್ನೂ ಬಿಟ್ಟ. 1980ರ ಜನವರಿಯಲ್ಲಿ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ಹೋದ. ಕೈಯಲ್ಲಿ ಕಾಗದಪತ್ರ ಇರಲಿಲ್ಲ, ನೆನಪೇ ಸರಕು! ಓಖೋಟ್ಸ್ಕ್ ಸಮುದ್ರದ ತಳದಲ್ಲಿ ಸೋವಿಯತ್ ಕೇಬಲ್ಲಿಗೆ ಅಮೆರಿಕ ಅಂಟಿಸಿದ್ದ ಕದ್ದಾಲಿಕೆ ಯಂತ್ರದ ಗುಟ್ಟನ್ನು ಮಾರಿದವನು ಇವನೇ. ದಕ್ಕಿದ್ದು ಸುಮಾರು 35,000 ಡಾಲರ್. 1985ರ ನವೆಂಬರ್‌ನಲ್ಲಿ ಸಿಕ್ಕಿಬಿದ್ದ.

ಎರಡನೆಯವನು ಸಿಐಎಯ ಆಲ್ಡ್ರಿಚ್ ಏಮ್ಸ್. ವಿಚ್ಛೇದನ, ಮೇಲೆ ಸಾಲ. 1985ರ ಏಪ್ರಿಲ್‌ನಲ್ಲಿ ಅದೇ ಕಚೇರಿಯ ಬಾಗಿಲು ತಟ್ಟಿದ, 50,000 ಡಾಲರ್ ಕೇಳಿದ, ಸಿಕ್ಕಿತು. ಸಾಲ ತೀರಿತು, ಆಸೆ ತೀರಲಿಲ್ಲ. ಅವನು ಕೊಟ್ಟ ಹೆಸರುಗಳಿಂದಾಗಿ ಕನಿಷ್ಠ ಹತ್ತು ಜನ ಮರಣದಂಡನೆಗೆ ಗುರಿಯಾದರು. ವರ್ಷಕ್ಕೆ 70,000 ಡಾಲರ್ ಸಂಬಳವೂ ಇಲ್ಲದವನು 5,40,000 ಡಾಲರ್‌ನ ಮನೆಯನ್ನು ಪೂರ್ತಿ ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರು ಓಡಿಸಿದ. ಹೆಂಡತಿ ಕಡೆಯವರು ಶ್ರೀಮಂತರು ಅಂದ, ನಂಬಿದರು! ಬಂಧನ ಆಗಿದ್ದು 1994ರ ಫೆಬ್ರವರಿಯಲ್ಲಿ.

ಪೆಲ್ಟನ್‌ನ ಕತೆ ಸಾಲದ ಬಗ್ಗೆ ಎಚ್ಚರಿಸಿದರೆ, ಏಮ್ಸ್‌ನದು ಸಾಲ ಇದ್ದಕ್ಕಿದ್ದಂತೆ ಮಾಯವಾಗುವುದರ ಬಗ್ಗೆ ಎಚ್ಚರಿಸಿತು. 1995ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ 12968ನೇ ಆದೇಶ ಹೊರಡಿಸಿ, ಹಣಕಾಸಿನ ದಾಖಲೆ ನೋಡಲು ಇಂಥ ನೌಕರರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳುವ ಏರ್ಪಾಡು ಮಾಡಿದರು. 2017ರ ಜೂನ್‌ನಲ್ಲಿ ಜಾರಿಗೆ ಬಂದ ನಿಯಮಾವಳಿಯ 'ಎಫ್' ವಿಭಾಗ ಪೂರ್ತಿ ದುಡ್ಡಿನದ್ದೇ. ತೀರದ ಸಾಲದ ಜೊತೆ, ಲೆಕ್ಕಕ್ಕೆ ಸಿಗದ ಸಿರಿವಂತಿಕೆಯೂ ಅಲ್ಲಿ ಅನುಮಾನದ ಪಟ್ಟಿಯಲ್ಲಿದೆ.

ಆದರೆ ಸಾಲ ಮಾಡಿದವರೆಲ್ಲ ದೇಶ ಮಾರೋಲ್ಲವಲ್ಲ? ಕೆಲಸ ಹೋದವರು, ಮನೆಯವರ ಆಸ್ಪತ್ರೆ ಬಿಲ್ಲಿಗೆ ಸಿಕ್ಕಿ ನಲುಗಿದವರು ಏನು ಮಾಡಬೇಕು? ನಿಯಮ ಅವರಿಗೂ ದಾರಿ ಬಿಟ್ಟಿದೆ. ಇಂತಿಷ್ಟು ಡಾಲರ್ ದಾಟಿದರೆ ಅನರ್ಹ ಅಂತ ಗೆರೆ ಎಳೆದಿಲ್ಲ. ಕೈಮೀರಿದ ಕಾರಣಕ್ಕೆ ಸಾಲವಾಗಿದ್ದು, ಪ್ರಾಮಾಣಿಕವಾಗಿ ತೀರಿಸುತ್ತಿದ್ದರೆ ಅದನ್ನೂ ತೂಗಿ ನೋಡುತ್ತಾರೆ. ಬಚ್ಚಿಟ್ಟರೆ ಮಾತ್ರ ಕಷ್ಟ. ಯಾರಿಗೂ ಗೊತ್ತಾಗಬಾರದು ಅಂತ ಒದ್ದಾಡುವವನನ್ನೇ ಅಲ್ಲವೇ ಹೊರಗಿನವರು ಹೆದರಿಸಿ ಬಗ್ಗಿಸೋದು?

ಹಾಗಾಗಿ ಜನ ಎಲ್ಲವನ್ನೂ ಬರೆದುಕೊಟ್ಟರು. 2015ರಲ್ಲಿ ಏನಾಯ್ತು ಗೊತ್ತಾ? ಈ ಅರ್ಜಿಗಳನ್ನು ಇಟ್ಟುಕೊಂಡಿದ್ದ ಸರ್ಕಾರಿ ಸಿಬ್ಬಂದಿ ಕಚೇರಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು, ಹಿನ್ನೆಲೆ ತನಿಖೆಗೆ ಸಂಬಂಧಿಸಿದ 2.15 ಕೋಟಿ ಜನರ ಮಾಹಿತಿ ಕಳುವಾಗಿದ್ದು ಬಯಲಾಯಿತು. ಯಾರನ್ನು ಎಲ್ಲಿ ಹಿಡಿದು ಬಗ್ಗಿಸಬಹುದು ಅಂತ ತಿಳಿಯಲು ಸರ್ಕಾರ ಕೂಡಿಟ್ಟ ವಿವರ ಕಳ್ಳರ ಪಾಲಾಗಿತ್ತು. ತನ್ನ ಸಾಲವನ್ನು ಮುಚ್ಚಿಡದೆ ಹೇಳಿದವನ ಗುಟ್ಟು ಕಾಯೋ ಜವಾಬ್ದಾರಿ ಯಾರದ್ದು?