ಕಲ್ಯಾಣಪ್ಪನ ಕಾಟಕಾಯಿ: ಒಂದು ಕೊಲೆಯ ಕಾರಣ ಮತ್ತು ಪರಿಣಾಮ



ಕುಮಾರಧಾರೆಯ ತಟದ ಸುಬ್ರಹ್ಮಣ್ಯ, ಅದರಾಚೆಯ ಸುಳ್ಯ, ಬೆಳ್ಳಾರೆ, ಪುತ್ತೂರುಗಳ ಸೀಮೆಗೂ ಲಿಂಗವಂತ ಅರಸುಮನೆತನವೊಂದಕ್ಕೂ ಇದ್ದ ನಂಟನ್ನು ಬಲ್ಲ ಭಕ್ತರು ವಿರಳ. ಅಮರ ಸುಳ್ಯದ ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದವು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು.

ಅರಸರ ಕಾಲದಲ್ಲಿ ರೈತನು ಬೆಳೆದ ಧಾನ್ಯದಿಂದಲೇ ಕಂದಾಯ ಸಲ್ಲಿಸಬಹುದಾಗಿತ್ತು. ಕಂಪನಿಯು ನಗದನ್ನೇ ಕೇಳಿತು. ಕೈಯಲ್ಲಿ ಕಾಸಿಲ್ಲದವನು ಬಂದ ಬೆಲೆಗೆ ಬತ್ತ ಮಾರಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಸರ್ಕಾರದ ಹಿಡಿತದಲ್ಲಿತ್ತು. ಈ ಸಂಕಟವೇ 1837ರ ಬಂಡಾಯಕ್ಕೆ ಮೂಲ.

ಮುಂದಾಳು ಸುಳ್ಯದ ಕೆದಂಬಾಡಿ ರಾಮಯ್ಯಗೌಡರು. ಆದರೆ ಜನರನ್ನು ಒಗ್ಗೂಡಿಸಲು ಅರಸು ಮನೆತನದ ಹೆಸರು ಬೇಕಿತ್ತು. ಹಾಲೇರಿ ವಂಶದವರೆಂದು ಹೇಳಿಕೊಂಡು ಅಪರಂಪಾರಸ್ವಾಮಿ, ಕಲ್ಯಾಣಸ್ವಾಮಿ ಎಂಬವರು ಜಂಗಮರಾಗಿ ಸಂಚರಿಸಿದ್ದುದು ಜನರ ನೆನಪಿನಲ್ಲಿತ್ತು. ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿಯೆಂದು ಸಾರಿ ಮುಂದಿಟ್ಟುಕೊಂಡರು. ಜನರ ಬಾಯಲ್ಲಿ ಆ ದಂಗೆ ‘ಕಲ್ಯಾಣಪ್ಪನ ಕಾಟಕಾಯಿ’ಯಾಯಿತು.

ದಂಗೆಯ ಆರಂಭದಲ್ಲೇ ಅಟ್ಲೂರು ರಾಮಪ್ಪಯ್ಯನ ಕೊಲೆಯಾಯಿತು. ಆತ ಧನಿಕ, ಕಂಪನಿಯ ಪಕ್ಷದವ, ಜನರ ದ್ವೇಷಕ್ಕೆ ಗುರಿಯಾದವ. ದೂರದ ಕಲೆಕ್ಟರನನ್ನು ಕಾಣದ ರೈತನಿಗೆ ಹೊಸ ಆಡಳಿತವೆಂದರೆ ಇಂಥವರೇ. ಹಳೆಯ ಸಿಟ್ಟು ಒಂದು ಕಾರಣ. ಸುದ್ದಿ ಸರ್ಕಾರಕ್ಕೆ ಮುಟ್ಟೀತೆಂಬ ಭಯ ಇನ್ನೊಂದು. ಕೊಲೆ ನಡೆದ ಮೇಲೆ ಕೂಡಿದವರಾರಿಗೂ ಮನೆಗೆ ಮರಳುವ ದಾರಿ ಉಳಿಯಲಿಲ್ಲ. ಅಂಜುವವರನ್ನೂ ಅದು ದಂಡಿಗೆ ಕಟ್ಟಿಹಾಕಿತು.

ಬೆಳ್ಳಾರೆಯ ಖಜಾನೆ ಕೈವಶವಾಯಿತು. ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮೂಲಕ ಸಾಗಿ 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಧ್ವಜವೇರಿಸಿತು. 13 ದಿನ ಪಟ್ಟಣ ಅವರ ವಶದಲ್ಲಿತ್ತು. ಕಣ್ಣೂರಿನಿಂದ ಸಮುದ್ರಮಾರ್ಗವಾಗಿ ಬಂದ ಸೇನೆಯೆದುರು ದಂಡು ಚದುರಿತು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ದಂಗೆಯನ್ನಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನಿತ್ತಿತು. 2022ರ ನವೆಂಬರಿನಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡದಲ್ಲಿ ಸ್ಥಾಪಿತವಾಯಿತು. ನಾಡು ಅವರ ಋಣವನ್ನು ತಡವಾಗಿಯಾದರೂ ನೆನೆದುದು ಉಚಿತವೇ.

ಶರಣಪರಂಪರೆಗೆ ಇಂಥ ಕೊಲೆಯ ನೋವು ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವಯ್ಯರಿಗಾದ ಘೋರಶಿಕ್ಷೆಯಿಂದ ನೊಂದು ಜಗದೇವ, ಮಲ್ಲಿಬೊಮ್ಮರು ಬಿಜ್ಜಳನನ್ನು ಕೊಂದರೆಂದು ಪರಂಪರೆ ಹೇಳುತ್ತದೆ. ಕಳಚುರಿ ಸಿಂಹಾಸನದ ಒಳಜಗಳವನ್ನೂ ಇತಿಹಾಸಕಾರರು ಎಣಿಸುತ್ತಾರೆ. ಕಾರಣ ಯಾವುದಾದರೂ ಬಿಜ್ಜಳನ ಮಗ ಸೋವಿದೇವ ಪಟ್ಟವೇರಿದ. ಅನುಭವ ಮಂಟಪ ಬರಿದಾಯಿತು. ಚನ್ನಬಸವಣ್ಣನವರೊಡನೆ ಶರಣರು ಉಳವಿಯತ್ತ ನಡೆದರು. ಅರಸನೊಬ್ಬ ಅಳಿದರೂ ಅರಸೊತ್ತಿಗೆ ಉಳಿಯಿತು.

ಸುಳ್ಯದ ರೈತನ ನೋವು ನಿಜವಾದುದು. ಅವನ ಹೋರಾಟ ನ್ಯಾಯವಾದುದು. ರಾಮಪ್ಪಯ್ಯನ ಸಾವಿನಿಂದ ಅವನ ಕಂದಾಯ ಒಂದು ಕಾಸೂ ಇಳಿಯಲಿಲ್ಲವೆಂಬುದೂ ಅಷ್ಟೇ ನಿಜ. ಬಸವಣ್ಣನವರು ಅಹಿಂಸೆಯನ್ನೂ ಸತ್ಯವನ್ನೂ ಒಂದೇ ಶುದ್ಧಿಯ ಅಂಗಗಳಾಗಿ ಕಂಡರು. ಎರವಲು ಪಡೆದ ಜಂಗಮನ ಹೆಸರು, ಮೊದಲ ಹೆಜ್ಜೆಯಲ್ಲೇ ಹರಿದ ರಕ್ತ ಇವೆರಡೂ ಆ ಮಾತಿನ ಮುಂದೆ ನಿಲ್ಲಲಾರವು. ಹುತಾತ್ಮರಿಗೆ ನಮಿಸುವ ಭಕ್ತನು, ದ್ವೇಷಕ್ಕೆ ಬಲಿಯಾದವನಿಗೂ ಒಂದು ಕ್ಷಣ ಮೌನವನ್ನು ಸಲ್ಲಿಸುವುದೇ ದಯೆಯ ಲಕ್ಷಣ.