ಶಾಸ್ತ್ರ ಕಾಣದ ನೋವು

ಸುವರ್ಣಾವತಿಯು ಯಳಂದೂರಿನ ಮಗ್ಗುಲಲ್ಲಿ ಹರಿದು ಕೊಳ್ಳೇಗಾಲದ ಬಯಲಿನಾಚೆ ಕಾವೇರಿಯನ್ನು ಕೂಡುವ ಸೀಮೆಯಲ್ಲಿ, ಒಂದೇ ನುಡಿಯನ್ನಾಡುತ್ತ, ಒಬ್ಬನೇ ಮಾದಪ್ಪನಿಗೆ ಹರಕೆ ಹೊತ್ತು ಬೆಟ್ಟವನ್ನೇರುತ್ತಿದ್ದ ಜನರು ಒಂದೂವರೆ ಶತಮಾನದಷ್ಟು ಕಾಲ ಎರಡು ಪ್ರಭುತ್ವಗಳ ಪ್ರಜೆಗಳಾಗಿ ಬಾಳಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಳ್ಳೇಗಾಲವೂ ಅದರ ಹೋಬಳಿಯಾಗಿದ್ದ ಹನೂರೂ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದವು. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಗಿ ಮೈಸೂರಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರವರೆಗೂ ನಿಂತ ಈ ಗಡಿಯನ್ನು ಕುರಿತು ಕಂದಾಯದ ಚರಿತ್ರೆಯನ್ನು ಬರೆದವರುಂಟು, ರೇಷ್ಮೆಯ ಚರಿತ್ರೆಯನ್ನು ಬರೆಯತಕ್ಕವರೂ ಉಂಟು. ಗಡಿಯ ಎರಡೂ ಕಡೆಗಳಲ್ಲಿ ಸಮಾನವಾಗಿದ್ದ ಒಂದು ಮೌನವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಮದುವೆಯಾಗದ, ಹೆರದ, ಹದಿನಾರು ಇಪ್ಪತ್ತರ ಹೆಣ್ಣುಮಗಳ ಸ್ತನದಲ್ಲಿ ನೋವು ಕಾಣಿಸಿದರೆ, ಗಂಟೊಂದು ಕೈಗೆ ತಗಲಿದರೆ, ಅವಳು ಯಾರಿಗೆ ಹೇಳಬೇಕಾಗಿದ್ದಿತು ಎಂಬುದೇ ಆ ಮೌನ.

ನಮ್ಮ ಪ್ರಾಚೀನ ವೈದ್ಯವು ಈ ವಿಷಯದಲ್ಲಿ ಮೂಕವಾಗಿರಲಿಲ್ಲ. ಅದು ಸ್ಪಷ್ಟವಾಗಿಯೇ ಮಾತನಾಡಿತು, ಆದರೆ ಮಾತನಾಡಿ ಬಾಗಿಲನ್ನು ಮುಚ್ಚಿತು. ಸುಶ್ರುತಸಂಹಿತೆಯ ನಿದಾನಸ್ಥಾನದ ಹತ್ತನೆಯ ಅಧ್ಯಾಯವು ಸ್ತನರೋಗಗಳನ್ನು ವಿವೇಚಿಸುತ್ತದೆ. ಕನ್ಯೆಯರ ಸ್ತನಗಳಲ್ಲಿರುವ ಧಮನಿಗಳ ದ್ವಾರಗಳು ಮುಚ್ಚಿಕೊಂಡಿರುವುದರಿಂದ ದೋಷಗಳು ಅಲ್ಲಿ ಹರಡಲಾರವು, ಆದುದರಿಂದ ಅವರಿಗೆ ಸ್ತನರೋಗಗಳು ಉಂಟಾಗುವುದಿಲ್ಲ, ಗರ್ಭಿಣಿಯರಿಗೂ ಹೆತ್ತವರಿಗೂ ಮಾತ್ರ ಆ ದ್ವಾರಗಳು ಸ್ವಭಾವದಿಂದಲೇ ತೆರೆದುಕೊಳ್ಳುತ್ತವೆ ಎಂಬುದು ಅಲ್ಲಿಯ ಸಿದ್ಧಾಂತ. ಬಾಣಂತಿಯ ಎದೆಯಲ್ಲಿ ಹಾಲು ಕಟ್ಟಿ ಕೀವಾಗುವುದನ್ನು ಮೇಲಿಂದ ಮೇಲೆ ಕಂಡ ಕಣ್ಣಿಗೆ ಈ ತರ್ಕವು ಸಹಜವಾಗಿಯೇ ತೋರಿದ್ದೀತು. ಆದರೂ ಶಾಸ್ತ್ರವು ಇಲ್ಲವೆಂದ ನೋವನ್ನು ಅನುಭವಿಸುವವಳ ಪಾಡು ವಿಚಿತ್ರವಾದುದು.

ಶಾಸ್ತ್ರವನ್ನು ಓದದ ಮನೆಗಳಲ್ಲಿಯೂ ಕ್ರಮವು ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. ಹುಡುಗಿಯು ಮೈನೆರೆದಳೆಂದರೆ ಸೋದರಮಾವನು ಹಸಿಸೊಪ್ಪಿನ ಗುಡ್ಲು ಹಾಕುವನು. ಎಳ್ಳುಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪಗಳನ್ನು ತಿನ್ನಿಸಿ, ಹಸೆಗೆ ಕೂರಿಸಿ, ಮುತ್ತೈದೆಯರು ಆರತಿ ಬೆಳಗುವರು. ಹೆಣ್ಣಿನ ದೇಹವು ಬೆಳೆದುದನ್ನು ಊರಿಗೆಲ್ಲ ಸಾರಿದ ಆ ಸಂಪ್ರದಾಯವು ಬೆಳೆಯುವ ದೇಹದಲ್ಲಿ ಹುಟ್ಟಿದ ನೋವನ್ನು ಮಾತ್ರ ಸೆರಗಿನ ಮರೆಯಲ್ಲಿಯೇ ಇರಿಸಿತು. ಔಷಧವೆಲ್ಲವೂ ಬಾಣಂತಿಯದು. ಮಗು ತೀರಿಕೊಂಡ ತಾಯಿಯ ಹಾಲನ್ನು ಬತ್ತಿಸಲು ಎದೆಗೆ ಮಲ್ಲಿಗೆಯ ಹೂವನ್ನು ಕಟ್ಟುವುದು ದಕ್ಷಿಣದೇಶದ ಹಳೆಯ ಪದ್ಧತಿ. ವೆಲ್ಲೂರಿನ ವೈದ್ಯರು ಇದನ್ನು ಪರೀಕ್ಷೆಗೊಡ್ಡಿ, ಹೂವು ನಿಜವಾಗಿಯೂ ಹಾಲನ್ನು ತಗ್ಗಿಸುತ್ತದೆಂದು 1988ರಲ್ಲಿ ಪ್ರಕಟಿಸಿದರು. ಸೂಲಗಿತ್ತಿಯರ ತಿಳಿವಳಿಕೆಯನ್ನು ಹಗುರವಾಗಿ ಕಾಣುವವರು ಇದನ್ನು ನೆನೆಯುವುದು ಒಳ್ಳೆಯದು. ಕನ್ಯೆಯು ಎದೆ ನೋಯುತ್ತದೆಂದರೆ ಮಾತ್ರ ಅಜ್ಜಿಯಿಂದ ಬರುತ್ತಿದ್ದುದು ಒಂದೇ ಉತ್ತರ: ‘ಬೆಳೆಯೋ ಮೈ ಕಣವ್ವ, ಸುಮ್ಕಿರು.’

ಯಳಂದೂರು ಹೆಣ್ಣಿನ ದನಿಯನ್ನೇ ಅರಿಯದ ಊರಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಸಂಚಿಯ ಊಳಿಗದಲ್ಲಿದ್ದು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನು ಈ ಊರಿನವಳು. ಹೆಣ್ಣೆಂದು ಹೀಗಳೆಯುವವರನ್ನು ಹದಿನೇಳನೆಯ ಶತಮಾನದಲ್ಲಿಯೇ ನೇರವಾಗಿ ಪ್ರಶ್ನಿಸಿದ ಆಕೆಯೂ ಪತಿವ್ರತೆಯ ಧರ್ಮವನ್ನೇ ಕಾವ್ಯವಸ್ತುವಾಗಿ ಆರಿಸಿಕೊಂಡಳು. ಆ ಕಾಲದ ಕಾವ್ಯದಿಂದ ದೇಹದ ರೋಗದ ಮಾತನ್ನು ನಿರೀಕ್ಷಿಸುವುದು ನಮ್ಮ ಅವಿವೇಕವಾದೀತು.

ಪಶ್ಚಿಮದ ವೈದ್ಯವು ಈ ನೋವನ್ನು ಕಂಡದ್ದು ಭಯದ ಮೂಲಕ. ಸ್ತನದ ಗಂಟೆಂದರೆ ಅರ್ಬುದ, ಅರ್ಬುದವೆಂದರೆ ಶಸ್ತ್ರ. 1811ರಲ್ಲಿ ಆಂಗ್ಲ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯು ಪ್ಯಾರಿಸ್ಸಿನಲ್ಲಿ ಅರಿವಳಿಕೆಯಿಲ್ಲದೆ ಆ ಶಸ್ತ್ರಕ್ಕೆ ಒಡ್ಡಿಕೊಂಡಳು. ಇಂಥ ಕಾಲದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಆಸ್ಟ್ಲಿ ಕೂಪರನು 1829ರಲ್ಲಿ ಪ್ರಕಟಿಸಿದ ತನ್ನ ಸ್ತನರೋಗಗಳ ಗ್ರಂಥದಲ್ಲಿ, ತರುಣಿಯರಲ್ಲಿ ಕಾಣುವ, ಮುಟ್ಟಿಗೆ ಮುನ್ನ ಹೆಚ್ಚುವ ನೋವನ್ನೂ, ಬೆರಳಿನ ಕೆಳಗೆ ಜಾರುವ ನಿರಪಾಯದ ಗಂಟನ್ನೂ ಅರ್ಬುದದಿಂದ ಬೇರ್ಪಡಿಸಿ ವರ್ಣಿಸಿದನು. ಗಂಟೆಲ್ಲವೂ ಮೃತ್ಯುವಲ್ಲವೆಂದು ಹೇಳಿದ ಆ ಪುಟಗಳು, ನನ್ನ ಮಟ್ಟಿಗೆ, ಶಸ್ತ್ರಪ್ರತಾಪದ ಎಷ್ಟೋ ಕಥೆಗಳಿಗಿಂತ ದೊಡ್ಡವು.

ಆ ಅರಿವು ನಮ್ಮ ಸೀಮೆಯನ್ನು ಮುಟ್ಟಬೇಕಾದರೆ ಮೊದಲು ಹೆಂಗಸರನ್ನು ಪರೀಕ್ಷಿಸುವ ಹೆಂಗಸರು ಬೇಕಾಗಿದ್ದರು. 1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯ ಉದ್ದೇಶವೂ ಅದೇ. ಯಳಂದೂರಿನವರಿಗೆ ಮೈಸೂರು ಆಸರೆಯಾಗಿದ್ದಿತು. 1906ರಲ್ಲಿ ಅಲ್ಲಿ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯು ತೆರೆಯಿತು, 1930ರಲ್ಲಿ ಮೈಸೂರು ಸರ್ಕಾರವು ಜಗತ್ತೇ ಬೆರಗಾಗುವಂತೆ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ಆರಂಭಿಸಿತು. ಕೊಳ್ಳೇಗಾಲದವರ ಸರ್ಕಾರವಾದರೋ ಮದರಾಸಿನಲ್ಲಿತ್ತು. ಹನೂರಿನ ದಾರಿಯ ಕಾಮಗೆರೆಯಲ್ಲಿ ಕ್ರೈಸ್ತ ಸೋದರಿಯರು ನಡೆಸಿದ ಹೋಲಿ ಕ್ರಾಸ್ ಆಸ್ಪತ್ರೆಯು ಕಾಡಂಚಿನ ಊರುಗಳಿಗೆ ಆಶ್ರಯವಾಯಿತು. ಇವೆಲ್ಲವೂ ಸ್ತುತ್ಯವೇ, ಆದರೆ ಇವುಗಳ ಬಾಗಿಲಿಗೆ ಹೆಂಗಸು ಹೋದುದು ಬಹುಮಟ್ಟಿಗೆ ಹೆರಿಗೆಗಾಗಿ. ‘ಹೆರಿಗೆ ಆಸ್ಪತ್ರೆ’ಯ ಮೆಟ್ಟಿಲನ್ನು ಮದುವೆಯಾಗದ ಹುಡುಗಿಯು ಹತ್ತಿದರೆ ಊರು ಏನೆಂದೀತೆಂಬುದನ್ನು ವಿವರಿಸಬೇಕಾಗಿಲ್ಲ.

1923ರಲ್ಲಿ ತಂಗಿಯನ್ನು ಅರ್ಬುದಕ್ಕೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮೂರು ದಶಕಗಳ ಛಲದಿಂದ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಯನ್ನು ತೆರೆದಾಗ ಕೊಳ್ಳೇಗಾಲವು ಇನ್ನೂ ಮದರಾಸು ರಾಜ್ಯದಲ್ಲಿಯೇ ಇದ್ದಿತು. ಎರಡು ವರ್ಷಗಳಲ್ಲಿ ಗಡಿಯು ಅಳಿಯಿತು. ರೋಗಿಗಳ ದಿಕ್ಕು ಮೈಸೂರಿನತ್ತ, 1973ರ ಬಳಿಕ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯತ್ತ ತಿರುಗಿತು. ಕ್ಯಾನ್ಸರ್ ಎಂಬ ಮಾತು ಹಳ್ಳಿಗಳಿಗೆ ಬಂದುದು ಹೀಗೆ. ಆದರೆ ಅದು ಬಂದಾಗ ಕೂಪರನ ಸಮಾಧಾನವು ಜೊತೆಗೆ ಬರಲಿಲ್ಲ. ಹಿಂದೆ ನಾಚಿ ಸುಮ್ಮನಿದ್ದ ಹುಡುಗಿಯು ಈಗ ಹೆದರಿಯೂ ಸುಮ್ಮನಾದಳು.

ವಿನೋದವೆಂದರೆ, ವೈದ್ಯವು ಬಹುದೂರ ಸುತ್ತಿ ಅಜ್ಜಿಯ ಮಾತಿನ ಬಳಿಗೇ ಬಂದಿತು. ವೇಲ್ಸಿನ ಕಾರ್ಡಿಫಿನ ಹ್ಯೂಸ್, ಮ್ಯಾನ್ಸೆಲ್, ವೆಬ್‌ಸ್ಟರ್ ಎಂಬ ಮೂವರು ಶಸ್ತ್ರವೈದ್ಯರು 1987ರಲ್ಲಿ, ಸ್ತನದ ಇಂಥ ಬಹುಪಾಲು ನೋವು ಗಂಟುಗಳು ರೋಗಗಳೇ ಅಲ್ಲ, ಅಂಗದ ಸಹಜವಾದ ಬೆಳವಣಿಗೆಯೂ ಮಾಸಿಕ ಏರಿಳಿತವೂ ತುಸು ಹದ ತಪ್ಪಿದುದರ ರೂಪಗಳು ಎಂದು ಪ್ರತಿಪಾದಿಸಿದರು. ಮುಟ್ಟಿಗೆ ಕೆಲವು ದಿನ ಮೊದಲು ಎರಡೂ ಕಡೆ ಭಾರವಾಗಿ ನೋಯುವುದು, ಮುಟ್ಟಾದೊಡನೆ ಇಳಿಯುವುದು ಹಾರ್ಮೋನುಗಳ ಕಾರ್ಯ. ನೋವೊಂದೇ ಕ್ಯಾನ್ಸರಿನ ಗುರುತಾಗುವುದು ಅತಿ ವಿರಳ. ಹದಿಹರೆಯದಿಂದ ಮೂವತ್ತರ ಆಸುಪಾಸಿನವರೆಗೆ ಕಾಣುವ, ನುಣುಪಾದ, ನೋಯದ, ಒತ್ತಿದರೆ ಸರಿಯುವ ಗಂಟು ಬಹುತೇಕ ಫೈಬ್ರೊಅಡಿನೋಮ. ಅದು ಬೆಳೆಯದಿದ್ದರೆ ಕೊಯ್ಯದೆಯೂ ಬಿಡಬಹುದು, ಕೆಲವು ತಾವಾಗಿಯೇ ಕುಗ್ಗುವುದೂ ಉಂಟು. ಅಜ್ಜಿಯು ‘ಬೆಳೆಯೋ ಮೈ’ ಎಂದುದು ಸತ್ಯವೇ. ‘ಸುಮ್ಕಿರು’ ಎಂದುದರಲ್ಲಿ ಮಾತ್ರ ಅಪಾಯವಿದ್ದಿತು. ಏಕೆಂದರೆ ಯಾವುದು ನಿರಪಾಯದ್ದೆಂಬುದನ್ನು ಕೈಯಿಟ್ಟು ನೋಡಿ, ಸ್ಕ್ಯಾನ್ ಮಾಡಿ, ಬೇಕಾದರೆ ಸೂಜಿಯಿಂದ ತುಣುಕು ತೆಗೆದು ನಿರ್ಣಯಿಸಬೇಕು. ಗಟ್ಟಿಯಾಗಿ ಕಚ್ಚಿಕೊಂಡ ಗಂಟು, ಒಳಸೆಳೆದ ಚರ್ಮ ಅಥವಾ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಿನ ಗಡ್ಡೆ ಇವು ಯಾವ ವಯಸ್ಸಿನಲ್ಲಿಯೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕವು. ಕ್ಷಯವೂ ನಮ್ಮ ದೇಶದಲ್ಲಿ ಆಗಾಗ ಸ್ತನದ ಗಂಟಿನ ವೇಷದಲ್ಲಿ ಬರುವುದುಂಟು.

ಈ ಸೀಮೆಯಲ್ಲಿ ಮೌನವನ್ನು ಮುರಿಯುವ ಕೆಲಸವು ನಡೆಯಲೇ ಇಲ್ಲವೆಂದಲ್ಲ. ಡಾ. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ಕಟ್ಟಿದ ಗಿರಿಜನ ಕಲ್ಯಾಣ ಕೇಂದ್ರವೂ, 1986ರಲ್ಲಿ ಯಳಂದೂರಿನ ಕುಷ್ಠರೋಗ ನಿವಾರಣೆಗಾಗಿ ಹುಟ್ಟಿ 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡ ಕರುಣಾ ಟ್ರಸ್ಟೂ ಇಲ್ಲಿಯವೇ. ಈಗ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ನರ್ಸಮ್ಮನೂ ಆಶಾ ಕಾರ್ಯಕರ್ತೆಯೂ ಹೆಂಗಸರನ್ನು ಸ್ತನಪರೀಕ್ಷೆಗೆ ಕರೆಯುತ್ತಾರೆ. ಆದರೆ ಕರೆಯುವುದು ಮೂವತ್ತು ತುಂಬಿದವರನ್ನು. ಕ್ಯಾನ್ಸರನ್ನು ಹುಡುಕುವ ಲೆಕ್ಕದಲ್ಲಿ ಆ ಗೆರೆಯು ನ್ಯಾಯವಾದುದೇ, ಎಳೆಯರಲ್ಲಿ ಅದು ಅಪರೂಪ. ಸುಶ್ರುತನ ಕನ್ಯೆಯು ಮಾತ್ರ ಗೆರೆಯ ಹೊರಗೇ ಉಳಿದಿದ್ದಾಳೆ. ಹನೂರಿನ ಕಾಲೇಜಿನಲ್ಲಿ ಓದುವ ಹುಡುಗಿಯನ್ನು ಯಾರೂ ಕರೆಯುವುದಿಲ್ಲ. ಅವಳು ತಾನಾಗಿ ನರ್ಸಮ್ಮನ ಬಳಿ ಹೋಗಬೇಕು, ಹೋಗಲು ಮನೆಯಲ್ಲಿ ಒಂದು ಕಾರಣವನ್ನು ಹೇಳಬೇಕು.