ಟೈಟನ್ ಅಪ್

ಅಮೆರಿಕದ ಆರ್ಚಿ ಬೆಲ್ ಅಂಡ್ ದ ಡ್ರೆಲ್ಸ್ ತಂಡದ ಸೋಲ್ ಹಾಡು. ಇದರಿಂದ ಹಬ್ಬಿದ ಕುಣಿತಕ್ಕೂ ಇದೇ ಹೆಸರು. 1968ರ ಮೇ ತಿಂಗಳಲ್ಲಿ ಎರಡು ವಾರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಅಗ್ರಸ್ಥಾನದಲ್ಲಿತ್ತು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಇದಕ್ಕೇ ಮೊದಲ ಸ್ಥಾನ ಸಿಕ್ಕಿತು.

ಹಾಡು ಹುಟ್ಟಿದ್ದು ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ, ವಿಯೆಟ್ನಾಂ ಯುದ್ಧದ ದಿನಗಳಲ್ಲಿ. ಬೆಲ್ ಹೇಳಿಕೊಂಡಿರುವಂತೆ, ಸೈನ್ಯಕ್ಕೆ ಸೇರಬೇಕೆಂಬ ಕರೆ ಬಂದು ಅವರು ಮಂಕಾಗಿ ಕೂತಿದ್ದರು. ತಂಡದ ಗೆಳೆಯ ಬಿಲ್ಲಿ ಬಟ್ಲರ್ ಎದುರಿಗೆ ಕುಣಿಯತೊಡಗಿದರು. ಇದೇನು ಕುಣಿತ ಎಂದು ಕೇಳಿದ್ದಕ್ಕೆ ಬಂದ ಉತ್ತರವೇ ಹಾಡಿನ ಹೆಸರಾಯಿತು. ರಚನೆ ಇಬ್ಬರ ಹೆಸರಿನಲ್ಲಿದೆ. ಆದರೆ ಹಾಡಿನ ಜೀವವಾದ ತಾಳ, ಲಯವೆಲ್ಲ ಟಿಎಸ್‌ಯು ಟೊರೊನೇಡೋಸ್ ಎಂಬ ಸ್ಥಳೀಯ ವಾದ್ಯವೃಂದದ್ದು. ಅವರು ಮೊದಲೇ ವೇದಿಕೆಗಳಲ್ಲಿ ನುಡಿಸುತ್ತಿದ್ದ ಮಟ್ಟದು. ರಚನಕಾರರ ಸಾಲಿನಲ್ಲಿ ಅವರು ಇಲ್ಲದಿರುವುದು ಅನ್ಯಾಯವೆಂದೇ ಹೇಳಬೇಕು.

ಹಾಡು ಎನ್ನುವುದಕ್ಕಿಂತ ಇದನ್ನು ಕೂಗಿ ಕರೆಯುವಿಕೆ ಎನ್ನಬಹುದು. ಬೆಲ್ ಮೊದಲು ತಮ್ಮ ಹೆಸರು, ತಂಡ, ಊರು ಹೇಳುತ್ತಾರೆ. ಕುಣಿತದಲ್ಲಿ ನಾವೇನು ಕಡಿಮೆಯಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಇದಕ್ಕೊಂದು ಕಾರಣವಿತ್ತು. 1963ರಲ್ಲಿ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮೇಲೆ ಟೆಕ್ಸಾಸ್‌ಗೆ ಕೆಟ್ಟ ಹೆಸರು ಬಂದಿತ್ತು. ಆ ರಾಜ್ಯದಿಂದ ಒಳ್ಳೆಯದೇನೂ ಬಂದಿಲ್ಲವೆಂದು ರೇಡಿಯೋದಲ್ಲಿ ಯಾರೋ ಆಡಿದ ಮಾತು ಬೆಲ್ ಅವರಿಗೆ ನಾಟಿತ್ತು. ಪರಿಚಯ ಮುಗಿದ ಮೇಲೆ ಡ್ರಮ್ಸ್, ಬೇಸ್, ಗಿಟಾರ್ ಒಂದೊಂದನ್ನೂ ಹೆಸರು ಹಿಡಿದು ಕರೆದು, ಬಿಗಿಯಾಗಿ ನುಡಿಸಲು ಹುರಿದುಂಬಿಸುತ್ತಾರೆ. ನಮ್ಮ ಸಂಗೀತ ಕಛೇರಿಗಳಲ್ಲಿ ಗಾಯಕರು ತಾಳವಾದ್ಯಗಳಿಗೆ ತನಿ ಬಿಟ್ಟು ತಾವು ಬರೀ ತಾಳ ಹಾಕುತ್ತಾ ಕೂರುವುದು ಇದನ್ನು ಕೇಳುವಾಗ ನೆನಪಾಗುತ್ತದೆ. ಹೆಜ್ಜೆ ಹೀಗೆ ಇಡಿ, ಹಾಗೆ ತಿರುಗಿ ಎಂಬ ಪಾಠ ಇದರಲ್ಲಿ ಹೆಚ್ಚೇನಿಲ್ಲ. ಬೇಸ್ ಗಿಟಾರಿನ ಎಳೆತವೇ ಕಾಲನ್ನು ಕುಣಿಸುತ್ತದೆ.

ತಂಡದ ಮ್ಯಾನೇಜರ್, ಹ್ಯೂಸ್ಟನ್ನಿನ ಡಿಸ್ಕ್ ಜಾಕಿ ಸ್ಕಿಪರ್ ಲೀ ಫ್ರೇಜಿಯರ್ ಇದನ್ನು ಮೊದಲು ಓವೈಡ್ ಎಂಬ ಸಣ್ಣ ಲೇಬಲ್ಲಿನಲ್ಲಿ ಹೊರತಂದರು. ಬಳಿಕ ಅಟ್ಲಾಂಟಿಕ್ ಕಂಪನಿ ಅದನ್ನು ದೇಶದ ತುಂಬ ಹಂಚಿತು. ಹತ್ತು ಲಕ್ಷ ಪ್ರತಿ ಮಾರಾಟವಾಗಿ ಚಿನ್ನದ ಡಿಸ್ಕ್ ಗೌರವವೂ ಬಂತು.

ಅಷ್ಟರಲ್ಲಿ ಬೆಲ್ ಸೈನಿಕರಾಗಿ ಪಶ್ಚಿಮ ಜರ್ಮನಿಯಲ್ಲಿದ್ದರು. ಕಾಲಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರು. ದೇಶವನ್ನೆಲ್ಲ ಕುಣಿಸಿದವರಿಗೆ ನಡೆಯುವುದೂ ಕಷ್ಟವಾಗಿತ್ತು. ಅವರು ಗಾಯಗೊಂಡದ್ದು ವಿಯೆಟ್ನಾಂನಲ್ಲಿ ಎಂಬ ಸುದ್ದಿ ಹಬ್ಬಿತ್ತಾದರೂ ಅದು ನಿಜವಲ್ಲ. ಅವರಿಲ್ಲದ ಹೊತ್ತು ನೋಡಿ ನಕಲಿ ಡ್ರೆಲ್ಸ್ ತಂಡಗಳು ಊರೂರಿನಲ್ಲಿ ಕಾರ್ಯಕ್ರಮ ಕೊಟ್ಟು ದುಡ್ಡು ಮಾಡಿಕೊಂಡವು. ಆಮೇಲೆ ಫಿಲಡೆಲ್ಫಿಯದ ಕೆನ್ನಿ ಗ್ಯಾಂಬಲ್ ಮತ್ತು ಲಿಯಾನ್ ಹಫ್ ನಿರ್ಮಿಸಿದ, ಬೆಲ್ ತಂಡದ 'ಐ ಕಾಂಟ್ ಸ್ಟಾಪ್ ಡ್ಯಾನ್ಸಿಂಗ್' ಹಾಡು ಕೂಡ ಅದೇ ವರ್ಷ ಮೊದಲ ಹತ್ತರೊಳಗೆ ಬಂತು.

1980ರಲ್ಲಿ ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಈ ಹಾಡನ್ನು ಸಿಂಥಸೈಜರ್ ಯುಗಕ್ಕೆ ಒಗ್ಗಿಸಿ ಧ್ವನಿಮುದ್ರಿಸಿತು. 'ಸೋಲ್ ಟ್ರೇನ್' ಟಿವಿ ಕಾರ್ಯಕ್ರಮದಲ್ಲೂ ನುಡಿಸಿತು. ಊರಿನ ಹೆಸರು ಹೇಳುವ ಪದ್ಧತಿಯನ್ನು ಅವರೂ ಬಿಡಲಿಲ್ಲ. ಹ್ಯೂಸ್ಟನ್ ಇದ್ದ ಜಾಗದಲ್ಲಿ ಟೋಕಿಯೋ ಬಂತು.